ಹಳೇ ಪದ್ಮಿನಿ ಕೊಳ್ಳುವವರಿಗೆ: ಮೊದಲು ಕಾಗದ, ಆಮೇಲೆ ತಗಡು, ಕೊನೆಗೆ ಎಂಜಿನ್

ಹಳೇ ಕಾರು ನೋಡಲು ಹೋದವರಲ್ಲಿ ಬಹುಪಾಲು ಜನ ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಶಬ್ದ ಕೇಳುತ್ತಾರೆ, ಒಂದು ಸುತ್ತು ಹೋಗಿ ಬರುತ್ತಾರೆ, ಬಣ್ಣದ ಹೊಳಪು ನೋಡಿ ಅಡ್ವಾನ್ಸ್ ಕೊಡುತ್ತಾರೆ. ಆರ್‌ಸಿ ಕೇಳುವುದು ಕಟ್ಟಕಡೆಗೆ. ಪ್ರೀಮಿಯರ್ ಪದ್ಮಿನಿಯಂಥ ಕಾರಿನ ಮಟ್ಟಿಗೆ ಈ ಕ್ರಮ ಪೂರ್ತಿ ತಲೆಕೆಳಗು. ಪದ್ಮಿನಿಯ 1089 ಸಿಸಿ ಎಂಜಿನ್ ಎಷ್ಟೇ ದಣಿದಿದ್ದರೂ ಅದನ್ನು ಮತ್ತೆ ಕಟ್ಟಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಪಿಸ್ಟನ್, ರಿಂಗ್, ಬೇರಿಂಗ್ ಹುಡುಕಿದರೆ ಸಿಗುತ್ತವೆ. ತಗಡು ಒಳಗೊಳಗೇ ತುಕ್ಕು ಹಿಡಿದಿದ್ದರೆ ಮಾತ್ರ ಖರ್ಚಿಗೆ ತಳವಿರುವುದಿಲ್ಲ. ಕಾಗದ ಕೆಟ್ಟಿದ್ದರೆ ಎಷ್ಟು ಸುರಿದರೂ ಕಾರು ನಿಮ್ಮ ಹೆಸರಿಗೆ ಬಾರದೆ ಶೆಡ್ಡಿನಲ್ಲೇ ಉಳಿದೀತು. ಆದ್ದರಿಂದ ಪರೀಕ್ಷೆ ಕಾಗದದಿಂದ ಶುರುವಾಗಿ ತಗಡಿಗೆ ಬಂದು ಎಂಜಿನ್‌ಗೆ ಮುಗಿಯಬೇಕು.

ಇಲ್ಲಿ ಹೇಳಿರುವುದು ಪದ್ಮಿನಿಯನ್ನೂ ಅದರ ಹಿಂದಿನ ಫಿಯಟ್ 1100ನ್ನೂ ಕಣ್ಣ ಮುಂದಿಟ್ಟುಕೊಂಡು. ಕಾಗದದ ಭಾಗ ಅಂಬಾಸಿಡರ್‌ಗೂ ಬೇರಾವ ಹಳೇ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ.

ಯಾವ ಕಾಲದ ಕಾರು

ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಲ್ಲಿ ಫಿಯಟ್ 1100 ಜೋಡಿಸಲು ಶುರುಮಾಡಿತು. ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂಬ ಹೆಸರುಗಳು ಬಂದುಹೋದವು. 1964ರಲ್ಲಿ ಬಂದ 1100 ಡಿಲೈಟ್‌ನ ಮೈಕಟ್ಟೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕೊನೆಯವರೆಗೂ ಉಳಿಯಿತು. 1970ರ ದಶಕದ ಆರಂಭದಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ. ಉತ್ಪಾದನೆ ನಿಂತದ್ದು 2000ದ ಆಸುಪಾಸಿನಲ್ಲಿ.

ಮೊದಲ ಸಲ ಹಳೇ ಕಾರು ಕೊಳ್ಳುವವರಿಗೆ 1980ರ ದಶಕದ ಪದ್ಮಿನಿಯೇ ಒಳ್ಳೆಯ ಆಯ್ಕೆ. ಸ್ಟೀರಿಂಗ್ ಪಕ್ಕದ ಗೇರು, ಮುಂದೆ ಉದ್ದ ಸೀಟು, ಕ್ರೋಮ್ ಬಂಪರ್ ಎಲ್ಲವೂ ಇರುತ್ತವೆ, ಬಿಡಿಭಾಗವೂ ಹೆಚ್ಚು ಸಿಗುತ್ತದೆ. ಡಿಲೈಟ್‌ಗಿಂತ ಹಿಂದಿನವು ನೋಡಲು ತುಂಬ ಚೆಂದ, ಆದರೆ ಅವುಗಳ ಬಾಗಿಲು, ಗ್ರಿಲ್, ಲ್ಯಾಂಪು ಯಾವುದೂ ಪದ್ಮಿನಿಯದಕ್ಕೆ ಹೊಂದುವುದಿಲ್ಲ. ಒಂದು ಟ್ರಿಮ್ ಪಟ್ಟಿಗಾಗಿ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. 1990ರ ದಶಕದ ಎಸ್‌1 ಮಾದರಿಗೆ ನೆಲದ ಗೇರು ಮತ್ತು ಬಿಡಿ ಸೀಟುಗಳಿವೆ. ದಿನವೂ ಓಡಿಸಲು ಅದು ಸುಲಭ, ಸಂಗ್ರಹಕಾರರಿಗೆ ಅದರ ಮೇಲೆ ಅಷ್ಟು ಮೋಹವಿಲ್ಲದ್ದರಿಂದ ಬೆಲೆಯೂ ಕಡಿಮೆ. ಇಟಲಿಯ ಎಂಜಿನ್ ಕೂರಿಸಿ ಬಂದ ಡೀಸೆಲ್ ಪದ್ಮಿನಿ ಮಾತ್ರ ಬೇಡ. ಅದರ ಎಂಜಿನ್ ಭಾಗ ಹುಡುಕುವುದೇ ಒಂದು ಉದ್ಯೋಗವಾದೀತು.

ಕಾಗದ

ಕಾರು ನೋಡಲು ಹೋಗುವ ಮುಂಚೆಯೇ ನಂಬರ್ ಕೇಳಿ ಪಡೆದು ಪರಿವಾಹನ್ ತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ಹಾಕಿ ನೋಡಿ. ನೋಂದಣಿ ಚಾಲ್ತಿಯಲ್ಲಿದೆಯೇ, ಎಲ್ಲಿಯವರೆಗೆ ಸಿಂಧು, ಬ್ಯಾಂಕಿನ ಸಾಲ ಬಾಕಿ ತೋರಿಸುತ್ತಿದೆಯೇ, ವಾಹನದ ವರ್ಗ ಖಾಸಗಿಯೋ ಬಾಡಿಗೆಯದೋ, ಮಾಲೀಕರು ಎಷ್ಟನೆಯವರು ಎಂಬಷ್ಟು ಅಲ್ಲೇ ಗೊತ್ತಾಗುತ್ತದೆ.

ಕೆಎ ಸರಣಿಗೆ ಮುಂಚಿನ, ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರುಗಳು ಆನ್‌ಲೈನಿನಲ್ಲಿ ಸಿಗದಿರುವುದು ಸಾಮಾನ್ಯ. ಕೈಬರಹದ ಆರ್‌ಸಿ ಪುಸ್ತಕ ಗಣಕೀಕರಣ ಆಗದೇ ಉಳಿದಿರುತ್ತದೆ. ಇದರಿಂದಲೇ ಕಾರು ಕೆಟ್ಟದ್ದೆಂದು ತಿಳಿಯಬೇಡಿ, ಆದರೆ ಆ ಕೆಲಸ ಮಾರುವವರ ಕೈಯಲ್ಲೇ ಆಗಬೇಕು. ಕಡತ ಇರುವ ಆರ್‌ಟಿಒದಿಂದ ಬಿ ರಿಜಿಸ್ಟರ್ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಿ, ವಾಹನ್ ಎಂಬ ಸರ್ಕಾರಿ ದತ್ತಾಂಶದಲ್ಲಿ ಕಾಣುವಂತಾದ ಮೇಲೆ ಬಾಕಿ ಹಣ ಎಂದು ಹೇಳಿ. ಮೂಲ ಕಡತವೇ ಆರ್‌ಟಿಒದಲ್ಲಿ ಸಿಗುತ್ತಿಲ್ಲ ಎಂಬ ಉತ್ತರ ಬಂದರೆ ಕಾರು ಎಷ್ಟೇ ಅಂದವಾಗಿರಲಿ, ಬಿಟ್ಟು ಬನ್ನಿ.

ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ಫಾರಂ 25ರಲ್ಲಿ. 2025ರ ತಿದ್ದುಪಡಿಯ ನಂತರ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ. ಇದಲ್ಲದೆ ಹಸಿರು ತೆರಿಗೆ, ತಡಮಾಡಿದ್ದರೆ ತಿಂಗಳಿಗೆ 500 ರೂಪಾಯಿಯಂತೆ ದಂಡ. ಎಂಟು ವರ್ಷದಿಂದ ನವೀಕರಿಸದ ಕಾರೆಂದರೆ ದಂಡವೊಂದೇ ಸುಮಾರು 48,000. ‘ಆರ್‌ಸಿ ಲ್ಯಾಪ್ಸ್ ಆಗಿದೆ ಅಷ್ಟೇ, ಮಾಡಿಸ್ಕೊಳ್ಳಿ ಸಾರ್’ ಎಂದು ಮಾರುವವರು ಹೇಳುವಾಗ ಈ ಲೆಕ್ಕವನ್ನು ಅವರ ಎದುರಿಗೇ ಹಾಕಿ. ನವೀಕರಣಕ್ಕೆ ಕಾರನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. ಬ್ರೇಕು, ಲೈಟು, ಹಾರನ್ನು, ವೈಪರ್ ಎಲ್ಲ ಕೆಲಸ ಮಾಡಬೇಕು, ಹೊಗೆ ತಪಾಸಣೆಯ ಚೀಟಿ ಬೇಕು. ಈ ಕಾಲದ ಪೆಟ್ರೋಲ್ ಕಾರಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇಕಡ 3, ಹೈಡ್ರೋಕಾರ್ಬನ್ 1,500 ಪಿಪಿಎಂ. ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಪದ್ಮಿನಿ ಇದರೊಳಗೆ ಬರುತ್ತದೆ.

ನಂಬರುಗಳ ತಾಳೆ ನೋಡುವ ಕೆಲಸವನ್ನು ಯಾರ ಮೇಲೂ ಬಿಡಬೇಡಿ. ಬಾನೆಟ್ ಕೆಳಗಿನ ತಗಡಿನ ಪ್ಲೇಟು, ಮೈಮೇಲೆ ಕುಟ್ಟಿದ ಚಾಸಿ ನಂಬರ್, ಎಂಜಿನ್ ಬ್ಲಾಕಿನ ಮೇಲಿನ ನಂಬರ್, ಈ ಮೂರನ್ನೂ ಆರ್‌ಸಿ ಜತೆ ಒಂದೊಂದೇ ಅಕ್ಷರವಾಗಿ ಹೋಲಿಸಿ. ಹೊಲಸು ಒರೆಸಿ, ತೆಳು ಬಿಳಿ ಕಾಗದ ಇಟ್ಟು, ಮೇಲೆ ಪೆನ್ಸಿಲ್ ಅಡ್ಡಲಾಗಿ ಉಜ್ಜಿ ಇಂಪ್ರೆಷನ್ ತೆಗೆಯಿರಿ. ವರ್ಗಾವಣೆ ಹೊತ್ತಿಗೆ ಹೇಗೂ ಬೇಕಾಗುವ ಇದನ್ನು ಮೊದಲೇ ತೆಗೆದರೆ ನಂಬರ್ ಓದಲು ಬರುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಕುಟ್ಟಿದ ಅಕ್ಷರಗಳು ಸಾಲು ತಪ್ಪಿದ್ದರೆ, ಸುತ್ತ ಗ್ರೈಂಡರ್ ಆಡಿಸಿದ ಗುರುತಿದ್ದರೆ, ಆ ಜಾಗದಲ್ಲಿ ಮಾತ್ರ ಬಣ್ಣ ದಪ್ಪವಾಗಿದ್ದರೆ ಅಲ್ಲಿಗೆ ಮಾತು ಮುಗಿಸಿ. ಬೇರೆ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ನಮೂದಾಗಿದ್ದರೆ ತೊಂದರೆಯಿಲ್ಲ. ನಮೂದಾಗಿಲ್ಲದಿದ್ದರೆ ನವೀಕರಣದ ದಿನ ಇನ್‌ಸ್ಪೆಕ್ಟರ್ ಎದುರು ಉತ್ತರ ಹೇಳಬೇಕಾದವರು ನೀವು.

ಮಾಲೀಕರು ತೀರಿಕೊಂಡ ಮೇಲೆ ಮನೆಯವರು ಮಾರುವ ಕಾರುಗಳು ಬಹಳ. ಎಷ್ಟೋ ಸಲ ಅವೇ ಒಳ್ಳೆಯ ಕಾರುಗಳು, ಒಬ್ಬರೇ ಜೋಪಾನ ಮಾಡಿದವು. ಆದರೆ ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಮೊದಲು ಫಾರಂ 31 ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಇದಕ್ಕೇ ತಿಂಗಳುಗಳು ಹಿಡಿಯುತ್ತವೆ. ಈ ಹಂತ ಮುಗಿಯುವವರೆಗೆ ಅಡ್ವಾನ್ಸ್ ಬಿಟ್ಟು ಹೆಚ್ಚು ಹಣ ಕೊಡಬೇಡಿ.

ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಹಳೇ ಮಾಲೀಕರ ಸಹಿ ಇಟ್ಟುಕೊಂಡು ಕೈಯಿಂದ ಕೈಗೆ ದಾಟಿದ ಕಾರುಗಳದು ಇನ್ನೊಂದು ತಾಪತ್ರಯ. ಆರ್‌ಸಿಯಲ್ಲಿರುವ ವ್ಯಕ್ತಿ ಫೋನಿಗೆ ಸಿಗುತ್ತಾರೆಯೇ, ಒಟಿಪಿ ಕೊಡಲು ಒಪ್ಪುತ್ತಾರೆಯೇ ಎಂದು ಬ್ರೋಕರ್ ಬಾಯಿಂದಲ್ಲ, ನೇರವಾಗಿ ಮಾತಾಡಿ ತಿಳಿದುಕೊಳ್ಳಿ.

ಬೇರೆ ರಾಜ್ಯದ ಕಾರಿಗೆ ಫಾರಂ 28ರ ಎನ್‌ಒಸಿ, ಅಂದರೆ ಅಲ್ಲಿಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರ್ ತೆಗೆದುಕೊಳ್ಳಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ವರ್ಷಗಳಿಂದ ನಿರ್ಬಂಧ ಇದ್ದುದರಿಂದ ಅಲ್ಲಿಯ ಕಾರುಗಳು ಅಗ್ಗವಾಗಿ ಕಾಣುತ್ತವೆ. ಅವುಗಳಲ್ಲಿ ನೋಂದಣಿಯೇ ರದ್ದಾದವೂ ಇವೆ, ಎನ್‌ಒಸಿ ಕೈಗೆ ಬರುವವರೆಗೆ ಲಾರಿ ಬುಕ್ ಮಾಡಬೇಡಿ. ಮುಂಬೈ ಕಾರಿನ ವಿಷಯ ಬೇರೆ. ಅಲ್ಲಿ ಪದ್ಮಿನಿ ದಶಕಗಳ ಕಾಲ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಹಳೇ ಟ್ಯಾಕ್ಸಿಗೆ ಹೊಸ ಬಣ್ಣ ಬಳಿದು ‘ಫ್ಯಾಮಿಲಿ ಕಾರು’ ಎಂದು ಮಾರಲು ಬಂದರೆ ಗುರುತು ಹಿಡಿಯುವುದು ಕಷ್ಟವಲ್ಲ. ಬಾಗಿಲ ಬೀಡಿಂಗ್ ರಬ್ಬರನ್ನು ಒಂದು ಗೇಣು ಕಿತ್ತು ನೋಡಿ, ಒಳಗೆ ಹಳದಿ ಅಥವಾ ಕಪ್ಪು ಇಣುಕುತ್ತದೆ. ಎಡಗಡೆ ಮಡ್‌ಗಾರ್ಡಿನ ಹತ್ತಿರ ಮೀಟರ್ ಕೂರಿಸಿದ ತೂತು ಮುಚ್ಚಿದ ಗುರುತು, ಛಾವಣಿಯಲ್ಲಿ ಕ್ಯಾರಿಯರ್ ಒತ್ತಿದ ತಗ್ಗು, ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಪಟ್ಟಿಯ ಬೋಲ್ಟ್ ತೂತುಗಳೂ ಸಿಗಬಹುದು.

ನೋಡಲು ಹೋಗುವ ದಿನ

ಬೆಳಿಗ್ಗೆ ಹೋಗಿ, ಬಿಸಿಲಿರಲಿ, ಮಳೆ ಬೇಡ. ಒದ್ದೆ ಬಣ್ಣ ಎಲ್ಲ ದೋಷವನ್ನೂ ಮುಚ್ಚುತ್ತದೆ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಬೇಕು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ತಣ್ಣಗಿನ ಎಂಜಿನ್ನಿನ ತೊಂದರೆ ಮರೆಮಾಡಿದ್ದಾರೆಂದು ಅರ್ಥ. ಕೈಯಲ್ಲಿ ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್, ಉದ್ದ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ಕಾರಿನಡಿ ಮಲಗಲು ಹಳೇ ಚಾಪೆ ಇರಲಿ. ಟಿಂಕರಿಂಗ್ (ತಗಡಿನ ಕೆಲಸ) ಬಲ್ಲ ಒಬ್ಬರನ್ನು ಜತೆಗೆ ಕರೆದೊಯ್ದರೆ ಎಂಜಿನ್ ಮೆಕ್ಯಾನಿಕ್‌ಗಿಂತ ಹೆಚ್ಚು ಉಪಯೋಗ.

ಅದಕ್ಕೂ ಮುಂಚೆ ಮೂಲರೂಪದ ಕಾರುಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಿ. ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಬೆಂಗಳೂರಿನ ಹಳೇ ಕಾರುಗಳ ರ‍್ಯಾಲಿಗಳು ಇದಕ್ಕೆ ಒಳ್ಳೆಯವು. ಗ್ರಿಲ್ಲಿನ ಆಕಾರ, ಬ್ಯಾಡ್ಜಿನ ಜಾಗ, ಮೀಟರ್ ಬೋರ್ಡು, ಹಿಡಿಕೆಗಳು ಹೇಗಿರಬೇಕೆಂದು ಫೋಟೊ ತೆಗೆದಿಟ್ಟುಕೊಳ್ಳಿ.

ತಗಡು

ಪದ್ಮಿನಿಗೆ ಲಾರಿ, ಜೀಪುಗಳಿಗಿರುವಂತೆ ಪ್ರತ್ಯೇಕ ಚೌಕಟ್ಟಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ಕಂಬಗಳು, ಛಾವಣಿ ಎಲ್ಲ ಸೇರಿ ಭಾರ ಹೊರುತ್ತವೆ. ಸಿಲ್ ಒಳಗಿನಿಂದ ತಿಂದುಹೋದರೆ ಇಡೀ ಕಾರು ನಡುವೆ ಜಗ್ಗುತ್ತದೆ. ಅಂಬಾಸಿಡರ್ ಕೂಡ ಹೀಗೆಯೇ, ಅದರ ತಗಡು ದಪ್ಪ ಅಷ್ಟೆ.

ಕಾರು ಎಲ್ಲಿ ಬಾಳಿದೆ ಎಂಬುದನ್ನು ಮೊದಲು ಕೇಳಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ತಗಡಿನ ಜೋಡುಗಳೊಳಗೆ ಸೇರಿ ಒಳಗಿನಿಂದ ತಿನ್ನುತ್ತದೆ, ಹೊರಗೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಮಲೆನಾಡಿನ ಕಾರಿಗೆ ಮಡ್‌ಗಾರ್ಡಿನೊಳಗೆ ಮೆತ್ತಿದ ಕೆಸರು ಶತ್ರು, ಮಳೆಗಾಲವಿಡೀ ಅದು ಒಣಗುವುದೇ ಇಲ್ಲ. ಬಳ್ಳಾರಿ, ಚಿತ್ರದುರ್ಗ, ರಾಯಚೂರು ಕಡೆಯ ಕಾರಿನ ತಗಡು ಸಾಮಾನ್ಯವಾಗಿ ಗಟ್ಟಿ. ಅಲ್ಲಿ ಬಿಸಿಲಿಗೆ ರಬ್ಬರು, ಡ್ಯಾಶ್‌ಬೋರ್ಡು, ಸೀಟಿನ ರೆಕ್ಸಿನ್ ಸೀಳಿರುತ್ತವೆ. ಎರಡರಲ್ಲಿ ಒಂದು ಆರಿಸಬೇಕಾದರೆ ಸೀಳಿದ ಸೀಟಿನ ಕಾರನ್ನೇ ಆರಿಸಿ.

ಒಳಗೆ ಕೂತು ಮ್ಯಾಟು ಎತ್ತಿ. ಚಾಲಕನ ಕಾಲಡಿಯ ತಗಡಿನ ಮೇಲೆ ಟಾರ್ ಬಳಿದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಟೊಳ್ಳಾದದ್ದು ದಬ್ ಎಂದು ಮಂಕಾಗಿ ಕೇಳುತ್ತದೆ. ನಡುನಡುವೆ ಹೆಬ್ಬೆರಳಿನಿಂದ ಒತ್ತಿ. ಹೊಸ ತಗಡು ಹಾಕಿದ್ದರೆ ಬೆಸುಗೆ ಅಂಚು ಪೂರ್ತಿ ಇದೆಯೇ ಅಥವಾ ನಾಲ್ಕು ಚುಕ್ಕಿ ಇಟ್ಟು ಮೇಲೆ ಟಾರ್ ಮೆತ್ತಿದ್ದಾರೆಯೇ ನೋಡಿ. ಮುಂದಿನ ಗಾಜಿನ ಕೆಳಮೂಲೆಗಳಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ ನೀರು ಅಲ್ಲಿಂದಲೇ ಇಳಿದು ಈ ನೆಲಕ್ಕೆ ಬಂದಿದೆ. ಗಾಜಿನ ರಬ್ಬರ್ ಬದಲಿಸದೆ ನೆಲ ಬದಲಿಸಿ ಪ್ರಯೋಜನವಿಲ್ಲ.

ಸಿಲ್‌ನ ಪರೀಕ್ಷೆಗೆ ಜಾಕು ಬೇಕು. ಜಾಕ್ ಇಡುವ ಜಾಗಕ್ಕೆ ಜಾಕ್ ಕೊಟ್ಟು ನಿಧಾನಕ್ಕೆ ಎತ್ತಿ, ಬಾಗಿಲ ಸುತ್ತಲಿನ ಸಂದಿಯನ್ನು ಗಮನಿಸಿ. ಆ ಜಾಗವೇ ಒಳಕ್ಕೆ ಕುಸಿದರೆ, ಎತ್ತಿದ ಮೇಲೆ ಸಂದಿ ಮೇಲ್ಗಡೆ ಕಿರಿದಾದರೆ, ಬಾಗಿಲು ತೆರೆಯಲು ಬಿಗಿಯಾದರೆ ಸಿಲ್ ಹೋಗಿದೆ. ಇದನ್ನು ಸರಿಮಾಡಲು ಕಾರಿಗೆ ಸರಿಯಾದ ಆಧಾರ ಕೊಟ್ಟು, ಬಾಗಿಲ ಅಳತೆ ಕಾಯ್ದುಕೊಂಡು, ಹಳೆಯದನ್ನು ಕತ್ತರಿಸಿ ಹೊಸ ಪೆಟ್ಟಿಗೆ ಕೂರಿಸಬೇಕು. ಅವಸರದ ಟಿಂಕರಿಂಗ್ ಅಂಗಡಿಯವರು ತುಕ್ಕಿನ ಮೇಲೆಯೇ ಹೊಸ ತಗಡು ಮುಚ್ಚಿ ಪುಟ್ಟಿ ಎಳೆಯುತ್ತಾರೆ. ಎರಡು ಮಳೆಗಾಲ ಕಳೆದರೆ ಅದು ಹಪ್ಪಳದಂತೆ ಉದುರುತ್ತದೆ.

ಬಾಗಿಲನ್ನು ಅರ್ಧ ತೆರೆದು ಹಿಡಿಕೆಯ ಕಡೆಯಿಂದ ಮೇಲಕ್ಕೆತ್ತಿ. ಆಟ ಇದ್ದರೆ ಕೀಲಿನ ಪಿನ್ ಸವೆದಿರಬಹುದು, ಅದು ಸಣ್ಣ ಕೆಲಸ. ಕೀಲು ಕೂತಿರುವ ಕಂಬವೇ ಅಲುಗಿದರೆ ಅದು ದೊಡ್ಡ ಕೆಲಸ. ಕಣ್ಣನ್ನು ಕೀಲಿನ ಹತ್ತಿರವೇ ಇಟ್ಟು ಯಾವುದು ಅಲುಗುತ್ತಿದೆ ಎಂದು ನೋಡಬೇಕು. ಬಾಗಿಲಿನ ಕೆಳಂಚಿನಲ್ಲಿ ನೀರು ಹೊರಹೋಗುವ ತೂತುಗಳಿವೆ. ಬಣ್ಣ ಬಳಿಯುವಾಗ ಅವು ಮುಚ್ಚಿಹೋಗಿದ್ದರೆ ಬಾಗಿಲೊಳಗೆ ನೀರು ನಿಂತಿರುತ್ತದೆ.

ಕಾರಿನಡಿ ಹೋಗುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇರಲೇಬೇಕು. ಹಿಂದಿನ ಲೀಫ್ ಸ್ಪ್ರಿಂಗಿನ ಎರಡೂ ತುದಿಗಳು ಮೈಗೆ ಸೇರುವ ಜಾಗ ಬಹಳ ಮುಖ್ಯ. ಅಲ್ಲಿ ತಗಡಿನ ಮೇಲೆ ತಗಡು ಪದರಪದರವಾಗಿ ಬೆಸೆದಿದ್ದರೆ ಹಿಂದೊಮ್ಮೆ ಕಿತ್ತುಹೋಗಿತ್ತೆಂದು ತಿಳಿಯಿರಿ. ಮುಂದೆ ಸಸ್ಪೆನ್ಷನ್ ಕೂತಿರುವ ಕ್ರಾಸ್‌ಮೆಂಬರ್ ಸುತ್ತ ಬಿರುಕು ಹುಡುಕಿ. ಕಾರು ಒಂದು ಕಡೆಗೆ ವಾಲಿ ನಿಂತಿದ್ದರೆ ಸ್ಪ್ರಿಂಗ್ ದಣಿದಿರಬಹುದು, ಇಲ್ಲಾ ಹಳೇ ಅಪಘಾತವಿರಬಹುದು. ಎರಡೂ ಪಕ್ಕದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ ಟೇಪಿನಲ್ಲಿ ಅಳೆಯಿರಿ. ಚಕ್ರ ನೇರ ಇರುವಾಗ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ತಿಳಿಯದೆ ಮುಂದೆ ಹೋಗಬೇಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರಡಿಯ ತಗಡು, ಬಾನೆಟ್ ಕೆಳಗೆ ಬ್ಯಾಟರಿ ತಟ್ಟೆ ನೋಡುವುದನ್ನು ಮರೆಯಬೇಡಿ. ಬ್ಯಾಟರಿ ಆ್ಯಸಿಡ್ ಸುರಿದ ಜಾಗ ಎಲ್ಲಕ್ಕಿಂತ ಮೊದಲು ತೂತಾಗುತ್ತದೆ.

ಕೊನೆಗೆ ಮ್ಯಾಗ್ನೆಟ್. ಮಡ್‌ಗಾರ್ಡಿನ ಅಂಚು, ಬಾಗಿಲ ಕೆಳಭಾಗ, ಹಿಂದಿನ ಚಕ್ರದ ಸುತ್ತ ಅದನ್ನು ಆಡಿಸಿದರೆ ಪುಟ್ಟಿ ಇರುವಲ್ಲಿ ಹಿಡಿತ ಬಿಡುತ್ತದೆ. ಬಣ್ಣದ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. 100ರಿಂದ 150 ಮೈಕ್ರಾನ್ ಇದ್ದರೆ ಮೂಲ ಬಣ್ಣದ ಆಸುಪಾಸು, 300 ದಾಟಿದರೆ ಮತ್ತೆ ಬಳಿದದ್ದು, 1,000 ದಾಟಿದರೆ ಅಡಿಯಲ್ಲಿ ಪುಟ್ಟಿ. ಈ ವಯಸ್ಸಿನ ಕಾರಿಗೆ ಒಂದೆರಡು ಸಲ ಬಣ್ಣ ಆಗಿರುವುದು ಸಹಜ. ಮಾರಾಟಕ್ಕೆಂದೇ ಮೊನ್ನೆ ಬಳಿದ ಬಣ್ಣವನ್ನು ಮಾತ್ರ ನಂಬಬಾರದು. ಮಾಸಿದ ಹಳೇ ಬಣ್ಣದ ಕಾರು ತನ್ನ ತಗಡನ್ನು ಮುಚ್ಚಿಡುವುದಿಲ್ಲ, ಹಾಗಾಗಿ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗ್ರಿಲ್, ಬಂಪರ್, ಹಬ್‌ಕ್ಯಾಪ್, ಬ್ಯಾಡ್ಜು, ಟೇಲ್‌ಲ್ಯಾಂಪಿನ ಗಾಜು, ತ್ರಿಕೋನದ ಸಣ್ಣ ಕಿಟಕಿ, ಮೀಟರ್ ಬೋರ್ಡು ಇವೆಲ್ಲ ಇವೆಯೇ ಎಂದು ಪಟ್ಟಿ ಮಾಡಿ. ಕಾಣೆಯಾದ ಒಂದೊಂದಕ್ಕೂ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಮುಂಬೈನ ಚೋರ್ ಬಜಾರ್ ಅಲೆಯಬೇಕಾಗುತ್ತದೆ.

ಎಂಜಿನ್ ಮತ್ತು ಓಡಾಟ

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಅಥವಾ ಡಿಪ್‌ಸ್ಟಿಕ್ಕಿನ ಆಯಿಲ್ ಹಾಲುಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂನದು. ನೀರಿಲ್ಲದೆ ಓಡಿಸಿ ಒಮ್ಮೆ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಬದಲಿಸಿ ಸುಮ್ಮನಾದರೆ ಮತ್ತೆ ಅದೇ ಕಥೆ, ಹೆಡ್ಡನ್ನು ಮೆಷಿನ್ ಶಾಪಿನಲ್ಲಿ ಸಮ ಮಾಡಿಸಲೇಬೇಕು.

ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆದು ಕಂಪ್ರೆಷನ್ ಅಳೆಯಿರಿ. 120 ಪಿಎಸ್‌ಐ ಮೇಲಿದ್ದು ನಾಲ್ಕರ ನಡುವೆ ಶೇಕಡ 10ರಿಂದ 15ರೊಳಗೆ ವ್ಯತ್ಯಾಸವಿದ್ದರೆ ಒಳ್ಳೆಯದು. 100ರ ಕೆಳಗೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಮತ್ತು ಬೋರ್ ಸವೆದಿವೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಹೊಗೆಯೂ ಮಾತಾಡುತ್ತದೆ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್, ಎಳೆಯುವಾಗಲೆಲ್ಲ ಬಂದರೆ ರಿಂಗ್. ಕಪ್ಪು ಹೊಗೆಗೆ ಕಾರ್ಬುರೇಟರ್ ಕಾರಣ, ಅದು ಅರ್ಧ ದಿನದ ಕೆಲಸ.

ಓಡಿಸಲು ಕನಿಷ್ಠ ಅರ್ಧ ಗಂಟೆ ಕೇಳಿ. ಮಧ್ಯೆ ಹತ್ತು ನಿಮಿಷ ನಿಲ್ಲಿಸಿ ಐಡಲಿನಲ್ಲಿ ಬಿಟ್ಟು ಟೆಂಪರೇಚರ್ ಮುಳ್ಳು ಏರುತ್ತದೆಯೇ ನೋಡಿ. ಒಂದನೇ ಗೇರಿಗೆ ಸಿಂಕ್ರೊ (ಗೇರು ಸದ್ದಿಲ್ಲದೆ ಕೂಡಿಕೊಳ್ಳುವಂತೆ ಮಾಡುವ ಏರ್ಪಾಡು) ಇಲ್ಲ, ಕಾರು ಚಲಿಸುವಾಗ ಹಾಕಿದರೆ ಕರಕರ ಎನ್ನುವುದು ದೋಷವಲ್ಲ. ಎರಡು, ಮೂರರಲ್ಲಿ ಕರಕರ ಎಂದರೆ ಅಥವಾ ಆಕ್ಸಲರೇಟರ್ ಬಿಟ್ಟಾಗ ಗೇರು ತಾನೇ ಹೊರಬಂದರೆ ಗೇರ್‌ಬಾಕ್ಸ್ ಬಿಚ್ಚಬೇಕು. ಗೇರ್ ಕಡ್ಡಿ ಸಡಿಲವಾಗಿ ಎಲ್ಲಿ ಬೇಕಾದಲ್ಲಿ ತಿರುಗಿದರೆ ಹೆದರಬೇಡಿ, ಲಿಂಕೇಜಿನ ಬುಶ್ ಬದಲಿಸಿದರೆ ಸರಿಹೋಗುತ್ತದೆ. 50–60 ಕಿಲೋಮೀಟರ್ ವೇಗದಲ್ಲಿ ನೆಲದಿಂದ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಮತ್ತು ಸೆಂಟರ್ ಬೇರಿಂಗ್ ನೋಡಿಸಿ.

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಚಕ್ರದ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್. ಗ್ರೀಸ್ ಹೊಡೆಯದೆ ಬಿಟ್ಟ ಕಾರುಗಳಲ್ಲಿ ಇದು ಸರ್ವೇಸಾಮಾನ್ಯ. ಹಳೇ ಮಾದರಿಗಳಲ್ಲಿ ನಾಲ್ಕೂ ಡ್ರಮ್ ಬ್ರೇಕಿಗೆ ಒಂದೇ ಸರ್ಕ್ಯೂಟು, ಒಂದು ಹೋಸ್ ಒಡೆದರೆ ನಾಲ್ಕೂ ಹೋದಂತೆ. ನಿಂತ ಕಾರಿನಲ್ಲಿ ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಆ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ, ಲಾರಿಯಲ್ಲಿ ತನ್ನಿ.

ಹಣ, ಹಸ್ತಾಂತರ

ಕಂಡ ದೋಷಗಳನ್ನೆಲ್ಲ ಕಾಗದದಲ್ಲಿ ಬರೆದು, ಒಂದೊಂದಕ್ಕೂ ಗ್ಯಾರೇಜಿನಿಂದ ಅಂದಾಜು ತೆಗೆದುಕೊಂಡು, ಆಮೇಲೆ ಬೆಲೆಯ ಮಾತಿಗೆ ಕೂರಬೇಕು. ಪೂರ್ತಿ ಟಿಂಕರಿಂಗ್, ಪೇಂಟಿಂಗ್ ಬೇಕಾದ ಕಾರಿಗೆ ಕೊಂಡ ಬೆಲೆಯಷ್ಟೇ ಹಣ ಬೇರೆ ಎತ್ತಿಡಿ, ಅನೇಕ ಸಲ ಅದೂ ಸಾಲುವುದಿಲ್ಲ. ಎಂಜಿನ್ ಓವರ್‌ಹಾಲ್ ಬೇಕಾದ, ತಗಡು ಗಟ್ಟಿಯಿರುವ ಕಾರು ಸಿಕ್ಕರೆ ಹೆಚ್ಚು ಚೌಕಾಸಿ ಮಾಡದೆ ತೆಗೆದುಕೊಳ್ಳಿ.

ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಒಂದು ಭಾಗವನ್ನು ಹೆಸರು ಬದಲಾಗುವವರೆಗೆ ಉಳಿಸಿಕೊಳ್ಳುವ ಮಾತನ್ನು ಒಪ್ಪಂದ ಪತ್ರದಲ್ಲೇ ಬರೆಯಿಸಿ. ಡೆಲಿವರಿ ನೋಟಿನಲ್ಲಿ ತಾರೀಖಿನ ಜತೆ ಗಂಟೆಯೂ ಇರಬೇಕು, ಅಂದು ಸಂಜೆಯೇ ಅಪಘಾತವಾದರೆ ಹೊಣೆ ಯಾರದೆಂದು ಅದು ಹೇಳುತ್ತದೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲ ತೀರಿದ್ದೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಆ ಹೆಸರು ತೆಗೆಸುವ ಫಾರಂ 35 ಬ್ಯಾಂಕಿನಿಂದ ಬರಬೇಕು. ಮುಚ್ಚಿಹೋದ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅದು ದೊಡ್ಡ ತಲೆನೋವು, ಬೆಲೆ ಮಾತಾಡುವ ಮುಂಚೆಯೇ ಇದನ್ನು ನೋಡಿರಬೇಕು.

ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆ ಬೇಕಾದರೆ ಕಾರಿನ ಮೌಲ್ಯವನ್ನು ಕಂಪನಿಯೂ ನೀವೂ ಮಾತಾಡಿ ನಿಗದಿ ಮಾಡಬೇಕಾಗುತ್ತದೆ. ಒಳಗಿನ, ಹೊರಗಿನ, ಅಡಿಯ ಫೋಟೊಗಳು ಮತ್ತು ದುರಸ್ತಿ ಬಿಲ್ಲುಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ವಿಂಟೇಜ್ ನೋಂದಣಿ ಬೇಕೇ

2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರು ವಿಂಟೇಜ್ ನೋಂದಣಿಗೆ ಅರ್ಹ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಸಿಂಧು, ಮರುನೋಂದಣಿಗೆ 5,000. ಹೊಸದಾಗಿ ಕೊಡುವ ನಂಬರಿನಲ್ಲಿ ವಿಎ ಎಂಬ ಅಕ್ಷರ ಇರುತ್ತದೆ. ಮೊದಲೇ ನೋಂದಣಿಯಾದ ಕಾರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. 1974ರ ಮೊದಲ ಪದ್ಮಿನಿಗಳು ಈಗ ಈ ವಯಸ್ಸಿಗೆ ಬಂದಿವೆ. ಆದರೆ ಇದನ್ನು ಮಾಡಿಸಿದ ಮೇಲೆ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು, ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಮನೆಮಂದಿಯೊಂದಿಗೆ ನಂದಿಬೆಟ್ಟಕ್ಕೆ ಹೋಗುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಿ.

ಮನೆಗೆ ತಂದ ಮೊದಲ ವಾರ

ಹಿಂದಿನವರು ಏನೇ ಹೇಳಿರಲಿ, ಎಂಜಿನ್ ಆಯಿಲ್ ಬದಲಿಸಿ ಮಿನರಲ್ 20ಡಬ್ಲ್ಯು-50 ಹಾಕಿಸಿ. ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸಿ, ಎಲ್ಲ ನಿಪ್ಪಲ್‌ಗೂ ಗ್ರೀಸ್ ಹೊಡೆಸಿ. ಬ್ರೇಕಿನ ರಬ್ಬರ್ ಹೋಸುಗಳು, ವೀಲ್ ಸಿಲಿಂಡರ್ ಕಿಟ್ಟು ಹೊಸದಾಗಿರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿದೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಬಟನ್ನುಗಳು ಎಷ್ಟು ಚೆನ್ನಾಗಿ ಕಂಡರೂ ಬದಲಿಸಿ.

ಪೆಟ್ರೋಲಿನ ವಿಷಯಕ್ಕೆ ಹೆಚ್ಚು ಗಮನ ಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇದೆ. ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ಗ್ಯಾಸ್ಕೆಟ್ಟನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ಹಳೇ ತುಕ್ಕನ್ನು ಕಳಚಿ ಜೆಟ್‌ಗೆ ತಂದು ಕಟ್ಟಿಸುತ್ತದೆ. ಬಿಸಿ ಎಂಜಿನ್ ಮೇಲೆ ಸೋರುವ ಪೈಪಿನಿಂದಲೇ ಹಳೇ ಕಾರುಗಳಿಗೆ ಬೆಂಕಿ ಹತ್ತುವುದು. ಟ್ಯಾಂಕ್ ಇಳಿಸಿ ತೊಳೆಸಿ, ಎಥೆನಾಲ್ ತಡೆಯುವ ಹೋಸುಗಳನ್ನೇ ಕೇಳಿ ಹಾಕಿಸಿ, ಪಂಪಿಗೂ ಕಾರ್ಬುರೇಟರಿಗೂ ಹೊಸ ಕಿಟ್ ಕೂರಿಸಿ, ಮಧ್ಯೆ ಒಂದು ಫಿಲ್ಟರ್ ಇಡಿ. ಎಥೆನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬಾರದು. ಬ್ಯಾಟರಿಗೆ ಕಟ್‌ಆಫ್ ಸ್ವಿಚ್ಚು, ಚಾಲಕನ ಕೈಗೆಟಕುವಲ್ಲಿ ಒಂದು ಕಿಲೋ ಪೌಡರ್ ಎಕ್ಸ್‌ಟಿಂಗ್ವಿಷರ್ ಅಳವಡಿಸಿ. ಇಷ್ಟೂ ಆಗುವವರೆಗೆ ಓಡಾಟ ಮನೆಯಿಂದ ಗ್ಯಾರೇಜಿಗಷ್ಟೇ ಇರಲಿ.